ಮಣಿಕಟ್ಟು ಮುರಿದ ಮೇಲೆ: ಎಣ್ಣೆ, ಮೇಣ, ಮನೆ ವ್ಯಾಯಾಮ

ಮುರಿದ ಮಣಿಕಟ್ಟಿನ ಮೂಳೆ ಕೂಡಲು ಸಾಮಾನ್ಯವಾಗಿ 6 ವಾರ ಹಿಡಿಯುತ್ತದೆ. ಕೈ ಕೆಲಸಕ್ಕೆ ಬರಲು ಅದಕ್ಕಿಂತ ಜಾಸ್ತಿ ಸಮಯ ಬೇಕು. ನನ್ನ ಎಕ್ಸ್‌ರೇ ನೋಡಿ ಡಾಕ್ಟ್ರು ಖುಷಿಪಟ್ಟರು. ನನಗೇನೂ ಖುಷಿಯಾಗಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಕೈ ಸೊರಗಿತ್ತು, ಚರ್ಮ ಸುಲಿಯುತ್ತಿತ್ತು, ಮಣಿಕಟ್ಟು ಬಗ್ಗುತ್ತಲೇ ಇರಲಿಲ್ಲ. ನಮ್ಮದು ಕೋಲಾರದ ವೇಮಗಲ್ ಕಡೆ ಹಳ್ಳಿ. ಎರಡು ಹೊತ್ತು ಹಾಲು ಕರೆಯಬೇಕು, ರಾತ್ರಿ ಮುದ್ದೆ ತಿರುವಬೇಕು. ಇವೆರಡೂ ಮಾಡುವ ಹಾಗಾದರೆ ಕೈ ವಾಸಿ ಅಂತ ನನ್ನ ಲೆಕ್ಕ.

ನಮ್ಮ ಕಡೆ ಕೈಕಾಲು ಮುರಿದರೆ ಮೊದಲು ಬರುವ ಮಾತೇ ಪುತ್ತೂರು ಕಟ್ಟು. ಮುಳಬಾಗಿಲು ದಾಟಿ ಆಂಧ್ರದ ಪುತ್ತೂರಿಗೆ ಹೋಗಿ ಬಿದಿರು ದಬ್ಬೆಯ ಕಟ್ಟು ಹಾಕಿಸಿಕೊಂಡು ಬಂದವರು ಊರೂರಲ್ಲೂ ಸಿಗುತ್ತಾರೆ. ನಾನು ಪ್ಲಾಸ್ಟರ್ ಹಾಕಿಸಿಕೊಂಡವಳು, ಅದರ ಬಗ್ಗೆ ಹೇಳಲಾರೆ. ಬಿಚ್ಚಿದ ಮೇಲೆ ಪಕ್ಕದೂರಲ್ಲಿ ಎಣ್ಣೆ ನೀವುವ ಅಜ್ಜನ ಹತ್ತಿರ ಹೋದೆ. ಬಿಸಿ ಎಣ್ಣೆ, ನಿಧಾನದ ಕೈ, ಜೊತೆಗೆ ಮಕ್ಕಳು ಮರಿ ಮಳೆ ಬೆಳೆ ಅಂತ ಮಾತು. ಅರ್ಧ ನೋವು ಆ ಮಾತಿಗೇ ಹೋಗುತ್ತಿತ್ತು. ಆದರೆ ಅವರು ನೀವುತ್ತಾರೆ, ನಾವು ಸುಮ್ನೆ ಕೂತಿರುತ್ತೇವೆ. ಕೀಲು ಇದ್ದ ಹಾಗೇ ಇತ್ತು. ಮೊಣಕೈಗೆ ಪೆಟ್ಟಾದವರು ಮಾತ್ರ ಗಟ್ಟಿಯಾಗಿ ನೀವಿಸಿಕೊಳ್ಳಬೇಡಿ. ಅಲ್ಲಿ ಮಾಂಸದೊಳಗೇ ಮೂಳೆ ಬೆಳೆದು ಕೀಲು ಹಿಡಿದುಕೊಳ್ಳುವ ಅಪಾಯವಿದೆ.

ಆಮೇಲೆ ಟೌನಿನ ಒಂದು ಫಿಸಿಯೋಥೆರಪಿ ಕ್ಲಿನಿಕ್. ಅಲ್ಲಿನ ಮೇಣದ ಬಿಸಿ ನಿಜಕ್ಕೂ ಸುಖ. ಕರಗಿದ ಮೇಣ 50 ಡಿಗ್ರಿಗಿಂತ ಬಿಸಿ ಇರುತ್ತದೆ, ಆದರೂ ಸುಡುವುದಿಲ್ಲ. ಕೈ ಅದ್ದಿ ತೆಗೆದು, ಮತ್ತೆ ಅದ್ದಿದರೆ ಬಿಳಿ ಗ್ಲೌಸ್ ಹಾಕಿದ ಹಾಗಾಗುತ್ತದೆ. ಮೇಲೆ ಟವೆಲ್ ಸುತ್ತುತ್ತಾರೆ. ಆರಿದ ಮೇಲೆ ಸುಲಿದರೆ ಒಳಗೆ ಬೆರಳೆಲ್ಲ ಮೆತ್ತಗೆ. ಆ ಮೆತ್ತಗಿರುವ ಹೊತ್ತಲ್ಲೇ ಕೀಲು ಬಗ್ಗಿಸಿ ಆಡಿಸಬೇಕು, ಬಿಸಿ ಕೊಡುವುದೇ ಅದಕ್ಕೆ. ಅಲ್ಲಿನ ಹುಡುಗ ಕರೆಂಟ್ ಮೆಷಿನ್ ಹಚ್ಚಿ ಮೊಬೈಲ್ ಹಿಡಿದು ಕೂರುತ್ತಿದ್ದ. ನಾನು ಏನು ಕೆಲಸ ಮಾಡುವವಳು ಅಂತ ಒಬ್ಬರೂ ಕೇಳಲಿಲ್ಲ. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಕೈ ಮತ್ತೆ ಬಿಗಿ. ದುಡ್ಡು ಬೇರೆ.

ಸರ್ಕಾರಿ ಆಸ್ಪತ್ರೆಯ ಫಿಸಿಯೋ ಮೇಡಂ ಮೊದಲು ಕೇಳಿದ್ದೇ "ಮನೇಲಿ ಏನೇನು ಕೆಲಸ ಮಾಡ್ತೀರಮ್ಮ?" ಅಂತ. ಹೇಳಿದೆ. ವ್ಯಾಯಾಮವೂ ಹಾಗೇ ಬಂತು. ಬಿಸಿನೀರಲ್ಲಿ ಕೈಯಿಟ್ಟು, ಆಮೇಲೆ ಎದೆ ಮುಂದೆ ನಮಸ್ಕಾರ ಮಾಡಿ, ಅಂಗೈ ಬಿಡದೆ ಕೈ ಕೆಳಗಿಳಿಸುವುದು. ಸೌಟು ಹಿಡಿದು ಅಂಗೈ ಮೇಲೆ ಕೆಳಗೆ ಮಗುಚುವುದು. ಒದ್ದೆ ಬಟ್ಟೆ ಹಿಂಡುವುದು. ಹಾಲು ಕರೆಯಲು ಮೊದಲು ಸ್ಪಂಜಿನ ಚೆಂಡು ಹಿಸುಕುವುದು. ಮುದ್ದೆಗೆ ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು: "ಮೊದಲು ಅಂಬಲಿ ತಿರುವಿ. ಕೈ ಒಪ್ಪಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಹಿಟ್ಟು ಜಾಸ್ತಿ ಮಾಡಿ."

ಬೇಜಾರಿನ ಕೆಲಸ, ನಿಜ. ನೋವೂ ಇದೆ, ಮಾಡಿದೆವಾ ಬಿಟ್ಟೆವಾ ಅಂತ ನೋಡುವವರೂ ಇಲ್ಲ. ಆದರೆ ಹಾಲು ಈಗ ನಾನೇ ಕರೆಯುತ್ತೇನೆ. ಇಬ್ಬರಿಗಾಗುವಷ್ಟು ಮುದ್ದೆ ತಿರುವುತ್ತೇನೆ, ನೆಂಟರು ಬಂದರೆ ಮಾತ್ರ ಕೋಲು ನಮ್ಮ ಯಜಮಾನರ ಕೈಗೆ. ಅಂದಹಾಗೆ, ಕೈ ಎಷ್ಟು ಸುಧಾರಿಸಿದೆ ಅಂತ ರೋಗಿಯನ್ನೇ ಕೇಳಲು ಡಾಕ್ಟರುಗಳ ಹತ್ತಿರ ಡ್ಯಾಶ್ ಅನ್ನುವ 30 ಪ್ರಶ್ನೆಗಳ ಪಟ್ಟಿ ಇದೆ. ಬಿಗಿಯಾದ ಡಬ್ಬಿ ಮುಚ್ಚಳ ತೆಗೆಯಬಲ್ಲಿರಾ, ಬೀಗದ ಕೈ ತಿರುಗಿಸಬಲ್ಲಿರಾ ಅಂತೆಲ್ಲ ಅದರಲ್ಲಿದೆ. ಹಾಲು ಕರೆಯುವುದು ಇಲ್ಲ. ಪರವಾಗಿಲ್ಲ, ಮೇಡಂ ಕೇಳಿದರಲ್ವಾ.

ನನ್ನನ್ನು ಕೇಳಿದರೆ, ದುಡ್ಡಿದ್ದು ನೋವು ತಡೆಯಲಾಗದಿದ್ದರೆ ಶುರುವಿಗೆ ಮೇಣದ ಬಿಸಿ ತೆಗೆದುಕೊಳ್ಳಿ, ಅಲ್ಲೇ ಕೂತು ಕೈ ಆಡಿಸಿಕೊಂಡು ಬನ್ನಿ. ಎಣ್ಣೆ ನಿಮ್ಮಿಷ್ಟ, ಮೆಲ್ಲಗೆ ನೀವುವವರಾದರೆ ಸರಿ. ವ್ಯಾಯಾಮ ಮಾತ್ರ ಬಿಡಬೇಡಿ. ಮಾಡುವಾಗ ನೋವಾಗಿ ಸ್ವಲ್ಪ ಹೊತ್ತಿಗೆ ಇಳಿದರೆ ಚಿಂತೆಯಿಲ್ಲ. ಕೈ ಊದಿಕೊಂಡು, ಕೆಂಪಾಗಿ, ರಾತ್ರಿಯೆಲ್ಲ ಉರಿದರೆ ಡಾಕ್ಟರ ಹತ್ತಿರ ವಾಪಸ್ ಹೋಗಿ.