ಚಿತ್ರಕಲೆಯ ತರಗತಿಗೆ ಬ್ಲಾಗರ್ ಎಷ್ಟು ಒದಗುತ್ತದೆ?

ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರ ಮೇಜಿಗೆ ಬಂದು ಸೇರುವುದು ಬಹುತೇಕ ಮುಗಿದ ಚಿತ್ರ ಮಾತ್ರ. ವಿದ್ಯಾರ್ಥಿಯು ಮೊದಲ ಗೆರೆಯನ್ನು ಎಲ್ಲಿಂದ ಎಳೆದ, ಯಾವ ಬಣ್ಣವನ್ನು ಹಚ್ಚಿ ಆಮೇಲೆ ಬೇಡವೆಂದು ಮುಚ್ಚಿದ, ಎಲ್ಲಿ ಅಳುಕಿ ನಿಂತ ಎಂಬುದೆಲ್ಲ ಆ ಹಾಳೆಯ ಅಡಿಯಲ್ಲೇ ಅಡಗಿಹೋಗುತ್ತದೆ. ಕಲಿಕೆ ನಡೆಯುವುದು ಮಾತ್ರ ಅಲ್ಲಿಯೇ. ಈ ಕೊರತೆಯನ್ನು ತುಂಬಿಕೊಳ್ಳಲು ನಾನು, ಅಂತರ್ಜಾಲದಲ್ಲಿ ಬ್ಲಾಗ್ ಬರೆಯಲು ನೆರವಾಗುವ ಗೂಗಲ್‌ನ ಬ್ಲಾಗರ್ ಸೇವೆಯನ್ನು ತರಗತಿಯಲ್ಲಿ ಬಳಸುತ್ತಿದ್ದೇನೆ. ಪೈರಾ ಲ್ಯಾಬ್ಸ್ ಎಂಬ ಸಂಸ್ಥೆ 1999ರಲ್ಲಿ ಆರಂಭಿಸಿ, 2003ರಲ್ಲಿ ಗೂಗಲ್ ಕೊಂಡುಕೊಂಡ ಈ ಸೇವೆ ಹಳೆಯದು, ನೋಟದಲ್ಲಿಯೂ ಹಳೆಯದೆನಿಸುತ್ತದೆ. ಚಿತ್ರಗಳನ್ನು ತೂಗುಹಾಕುವ ಗೋಡೆಯಾಗಿ ಇದು ಸಾಧಾರಣ, ಚಿತ್ರ ಹುಟ್ಟಿದ ಬಗೆಯನ್ನು ಬರೆದಿಡುವ ದಿನಚರಿಯಾಗಿ ಬಹಳ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ದಿನಚರಿ ಬರೆಯುವ ಅಭ್ಯಾಸ ಕಲಾವಿದರಿಗೆ ಹೊಸತಲ್ಲ. ಮೈಸೂರಿನ ಕೆ. ವೆಂಕಟಪ್ಪನವರು (1886–1965) ನಿಷ್ಠೆಯಿಂದ ದಿನಚರಿ ಬರೆಯುತ್ತಿದ್ದವರು. ಬ್ಲಾಗಿನ ರಚನೆಯೂ ಮೂಲತಃ ಅದೇ: ಪ್ರತಿ ಬರಹದ ಮೇಲೆ ದಿನಾಂಕ, ಅದರ ಕೆಳಗೆ ಚಿತ್ರ, ಅದರ ಜೊತೆಗೆ ಮಾತು. ಬ್ಲಾಗರ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡರೆ ತಿಂಗಳುಗಳ ಹೆಸರು ಸಹ ಕನ್ನಡದಲ್ಲಿಯೇ ಬರುತ್ತವೆ. ಇದು ಸಣ್ಣ ಸಂಗತಿಯಂತೆ ಕಂಡರೂ ಕನ್ನಡ ಮಾಧ್ಯಮದ ಮಕ್ಕಳು ಆ ಪುಟವನ್ನು ತಮ್ಮದೆಂದು ಭಾವಿಸುವುದಕ್ಕೆ ಅದರಿಂದ ನಿಜವಾದ ಸಹಾಯವಾಗುತ್ತದೆ.

ಇದರ ಉಪಯೋಗ ನನಗೆ ಪೂರ್ತಿಯಾಗಿ ಮನವರಿಕೆಯಾದದ್ದು ಚಿತ್ತಾರದ ಪಾಠದಲ್ಲಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಮನೆಯ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಯ ಹೊತ್ತಿಗೆ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವ ಈ ಚಿತ್ತಾರದಲ್ಲಿ ಮುಗಿದ ರೂಪಕ್ಕಿಂತ ಕ್ರಮವೇ ದೊಡ್ಡದು. ಮೊದಲು ಕೆಮ್ಮಣ್ಣು ಬಳಿದು ಒಣಗಿಸಬೇಕು. ನೆನೆಸಿದ ಅಕ್ಕಿಯನ್ನು ಅರೆದು ಬಿಳಿ ಬಣ್ಣ, ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ ಸಿದ್ಧಪಡಿಸಿಕೊಳ್ಳಬೇಕು. ಪುಂಡಿ ನಾರಿನ ಕುಂಚದಿಂದ ನೇರವಾದ, ಸಮನಾದ ಗೆರೆಗಳನ್ನು ಎಳೆಯಬೇಕು. ಮುಗಿದ ಬುಟ್ಟಿಯ ಒಂದು ಫೋಟೋದಲ್ಲಿ ಇದಾವುದೂ ಕಾಣುವುದಿಲ್ಲ. ಅಜ್ಜಿಯ ಕೈಕೆಲಸವನ್ನು ಮಗು ಹಂತ ಹಂತವಾಗಿ ಫೋಟೋ ತೆಗೆದು, ಪ್ರತಿ ಹಂತದ ಕೆಳಗೆ ಅಜ್ಜಿ ಹೇಳಿದ್ದನ್ನು ಅಜ್ಜಿಯ ಮಾತಿನಲ್ಲಿಯೇ ಬರೆದು ಬ್ಲಾಗಿಗೆ ಕೊಟ್ಟಾಗ, ತರಗತಿಯ ಉಳಿದ ಮಕ್ಕಳು ಅಂಚಿನ ಗೆರೆ ಮೊದಲೋ ಒಳಗಿನ ಜಾಲ ಮೊದಲೋ ಎಂಬಂಥ ಪ್ರಶ್ನೆಗಳನ್ನು ಕೇಳತೊಡಗುತ್ತಾರೆ. ಪಠ್ಯಪುಸ್ತಕದ ಒಂದು ಅಚ್ಚು ಚಿತ್ರವನ್ನು ಮುಂದಿಟ್ಟುಕೊಂಡು ಇಂಥ ಪ್ರಶ್ನೆಯನ್ನು ಹುಟ್ಟಿಸುವುದು ಬಲು ಕಷ್ಟ.

ಆದರೆ ಇಂಥ ಕೆಲಸಕ್ಕೆ ತೊಡಗಿದ ಕೂಡಲೇ ಸೇವೆಯ ಒಂದು ದೊಡ್ಡ ಮಿತಿಯೂ ಎದುರಾಗುತ್ತದೆ. ಬ್ಲಾಗರ್ ಹೊಸ ಬರಹವನ್ನು ಮೇಲಕ್ಕೂ ಹಳೆಯದನ್ನು ಕೆಳಕ್ಕೂ ಇಡುತ್ತದೆ. ಬರಹಗಳನ್ನು ವಿಂಗಡಿಸಲು ಅವುಗಳಿಗೆ ಹಚ್ಚುವ ಹೆಸರುಪಟ್ಟಿಯನ್ನು, ಅಂದರೆ ಲೇಬಲನ್ನು, ಒತ್ತಿ ಒಬ್ಬ ವಿದ್ಯಾರ್ಥಿಯ ಕೆಲಸವನ್ನು ಮಾತ್ರ ತೆರೆದರೂ ಇದೇ ಕ್ರಮ. ಹೀಗಾಗಿ ಓದುವವರು ಮುಗಿದ ಚಿತ್ರದಿಂದ ಹೊರಟು ಮೊದಲ ಗೆರೆಯ ಕಡೆಗೆ ಹಿಮ್ಮುಖವಾಗಿ ನಡೆಯಬೇಕಾಗುತ್ತದೆ. ಇದಕ್ಕೆ ಎರಡು ಉಪಾಯಗಳಿವೆ. ಒಂದು ಚಿತ್ರಕ್ಕೆ ಒಂದೇ ಪೋಸ್ಟ್ ಇಟ್ಟುಕೊಂಡು, ಹೊಸ ಹಂತದ ಫೋಟೋವನ್ನು ಅದರ ಕೊನೆಯಲ್ಲಿ ದಿನಾಂಕದೊಂದಿಗೆ ಸೇರಿಸುತ್ತಾ ಹೋಗಬಹುದು. ಇಲ್ಲವೇ ಪೋಸ್ಟಿನ ಪ್ರಕಟಣೆಯ ದಿನಾಂಕವನ್ನು ಕೈಯಾರೆ ಬದಲಿಸಿ ಕ್ರಮವನ್ನು ತಿರುಗಿಸಬಹುದು. ನಾನು ಮೊದಲನೆಯದನ್ನೇ ಆರಿಸಿಕೊಂಡಿದ್ದೇನೆ, ಏಕೆಂದರೆ ಸುಳ್ಳು ದಿನಾಂಕವಿರುವ ದಿನಚರಿಗೆ ಅರ್ಥವಿಲ್ಲ.

ಚಿತ್ರದ ಗುಣಮಟ್ಟದ ಬಗ್ಗೆ ಎರಡು ಮಾತು ಹೇಳಬೇಕು. ಫೋಟೋ ಸೇರಿಸುವಾಗ ಸಣ್ಣದು, ಮಧ್ಯಮ, ದೊಡ್ಡದು, ಮೂಲ ಗಾತ್ರ ಎಂಬ ಆಯ್ಕೆಗಳು ದೊರೆಯುತ್ತವೆ. ಪೆನ್ಸಿಲ್ ಕೆಲಸಕ್ಕೆ ಮೂಲ ಗಾತ್ರವನ್ನೇ ಆರಿಸಬೇಕು, ಇಲ್ಲವಾದರೆ ಎಚ್‌ಬಿ ಮತ್ತು 2ಬಿ ಛಾಯೆಗಳ ನಡುವಿನ ವ್ಯತ್ಯಾಸ ಪರದೆಯ ಮೇಲೆ ಉಳಿಯುವುದಿಲ್ಲ. ಬಣ್ಣದ ತೊಡಕುಗಳಿಗೆ ಬ್ಲಾಗರ್ ಕಾರಣವಲ್ಲ. ಅವು ಕ್ಯಾಮೆರಾಕ್ಕೂ ಬೆಳಕಿಗೂ ಸೇರಿದವು. ಹಳದಿ ಬಲ್ಬಿನ ಕೆಳಗೆ ತೆಗೆದ ಜಲವರ್ಣದ ಆಕಾಶ ಮಣ್ಣುಬಣ್ಣಕ್ಕೆ ತಿರುಗುತ್ತದೆ, 6ಬಿ ಪೆನ್ಸಿಲಿನ ದಟ್ಟ ಭಾಗ ಫ್ಲ್ಯಾಶ್‌ನ ಬೆಳಕಿಗೆ ಮಿನುಗಿ ಬೆಳ್ಳಗೆ ಕಾಣುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಬಳಿ ಚಿತ್ರವನ್ನಿಟ್ಟು, ಅಂಚಿನಲ್ಲಿ ಒಂದು ಬಿಳಿ ಹಾಳೆಯ ತುಂಡೂ ಕಾಣುವಂತೆ ಫೋಟೋ ತೆಗೆದರೆ ಬಣ್ಣ ಎಷ್ಟು ಬದಲಾಗಿದೆ ಎಂಬುದನ್ನು ನೋಡುವವರೇ ಅಳೆದುಕೊಳ್ಳಬಹುದು. ಬೆಳಕು ಬಣ್ಣವನ್ನು ಹೇಗೆ ಬದಲಿಸುತ್ತದೆ ಎಂಬ ಪಾಠವನ್ನು ಬೇರೆಯಾಗಿ ಮಾಡುವ ಅಗತ್ಯವೂ ಆಗ ಉಳಿಯುವುದಿಲ್ಲ.

ಪ್ರತಿಕ್ರಿಯೆಗಳ ವ್ಯವಸ್ಥೆ ಈ ಸೇವೆಯ ನಿಜವಾದ ಬಲ. ಯಾವ ಪ್ರತಿಕ್ರಿಯೆಯೂ ಶಿಕ್ಷಕರ ಅನುಮತಿಯಿಲ್ಲದೆ ಕಾಣಿಸದಂತೆ ಸೆಟ್ಟಿಂಗ್ಸ್‌ನಲ್ಲಿ ಗೊತ್ತುಪಡಿಸಬಹುದು. ಹಾಗೆ ಮಾಡದೆ ಬಿಟ್ಟರೆ ಪುಟವೆಲ್ಲ ‘ಸೂಪರ್’, ‘ಚೆನ್ನಾಗಿದೆ’ ಎಂಬ ಮಾತುಗಳಿಂದ ತುಂಬಿಹೋಗುತ್ತದೆ; ಅಂಥ ಮೆಚ್ಚುಗೆಯಿಂದ ಚಿತ್ರ ಬರೆದ ಮಗು ಕಲಿಯುವುದು ಏನೂ ಇಲ್ಲ. ಅಮೆರಿಕದ ಕಲಾ ಶಿಕ್ಷಣತಜ್ಞ ಎಡ್ಮಂಡ್ ಬರ್ಕ್ ಫೆಲ್ಡ್‌ಮನ್ ಅವರು ಕಲಾವಿಮರ್ಶೆಗೆ ಹಾಕಿಕೊಟ್ಟ ನಾಲ್ಕು ಮೆಟ್ಟಿಲುಗಳನ್ನು, ಅಂದರೆ ವರ್ಣನೆ, ವಿಶ್ಲೇಷಣೆ, ಅರ್ಥವಿವರಣೆ ಮತ್ತು ತೀರ್ಮಾನಗಳನ್ನು, ನಾನು ಮಕ್ಕಳಿಗೆ ಸರಳಗೊಳಿಸಿ ಹೇಳಿಕೊಟ್ಟಿದ್ದೇನೆ. ಮೊದಲು ಕಣ್ಣಿಗೆ ಕಂಡದ್ದನ್ನು ಬರೆಯಬೇಕು, ತೀರ್ಮಾನವನ್ನು ಕೊನೆಗೆ ಬರೆಯಬೇಕು. ತರಗತಿಯಲ್ಲಿ ಬಾಯಿಬಿಡದ ಮಕ್ಕಳು ಇಲ್ಲಿ ಸಾವಕಾಶವಾಗಿ ನೋಡಿ, ಯೋಚಿಸಿ, ಇನ್ನೊಬ್ಬರ ಚಿತ್ರದ ಬಗ್ಗೆ ಅಚ್ಚುಕಟ್ಟಾದ ನಾಲ್ಕು ವಾಕ್ಯ ಬರೆಯುವುದನ್ನು ನೋಡುವುದು ಶಿಕ್ಷಕನಿಗೆ ದೊಡ್ಡ ಸಂತೋಷ.

ಗೋಪ್ಯತೆಯ ವಿಷಯದಲ್ಲಿ ಎಚ್ಚರ ಬೇಕು, ಇಲ್ಲಿ ಸಡಿಲ ಬಿಡುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯ ಮಾಡುತ್ತದೆ. ಬ್ಲಾಗನ್ನು ಆಹ್ವಾನಿತ ಓದುಗರಿಗೆ ಮಾತ್ರ ತೆರೆಯುವ ಸೌಲಭ್ಯ ಬ್ಲಾಗರ್‌ನಲ್ಲಿದೆ, ಆದರೆ ಆಹ್ವಾನಿತರಿಗೆ ಗೂಗಲ್ ಖಾತೆ ಇರಬೇಕು, ಇದು ಎಲ್ಲ ಮನೆಗಳಲ್ಲೂ ಸುಲಭವಲ್ಲ. ಇದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಬ್ಲಾಗನ್ನು ಮುಚ್ಚಿಟ್ಟರೂ ಅದರೊಳಗಿನ ಫೋಟೋದ ನೇರ ವಿಳಾಸ ಯಾರಿಗಾದರೂ ಸಿಕ್ಕಿದರೆ ಅವರು ಆ ಫೋಟೋವನ್ನು ನೋಡಬಹುದು. ಆದ್ದರಿಂದ ಮಕ್ಕಳ ಮುಖವಿರುವ ಫೋಟೋ ಬೇಡವೇ ಬೇಡ. ಹೆಸರಿನ ಬದಲು ಮಗುವೇ ಆರಿಸಿಕೊಂಡ ಅಂಕಿತವಿರಲಿ. ಫೋಟೋ ತೆಗೆಯುವ ಮೊದಲು ಮೊಬೈಲ್ ಕ್ಯಾಮೆರಾದ ಸ್ಥಳ ಸೂಚನೆಯನ್ನು (ಲೊಕೇಶನ್) ಆಫ್ ಮಾಡಿಡಬೇಕು. ಪೋಸ್ಟ್‌ಗಳನ್ನು ಶಿಕ್ಷಕರೇ ತಮ್ಮ ಖಾತೆಯಿಂದ ಏರಿಸುವುದು ಕ್ಷೇಮ. ಅದರಿಂದ ಶಿಕ್ಷಕರ ಕೆಲಸ ಹೆಚ್ಚುತ್ತದೆ ಎಂಬುದೂ ನಿಜ. ದೊಡ್ಡ ತರಗತಿಯಿದ್ದರೆ ವಾರಕ್ಕೆ ಕೆಲವರ ಸರದಿಯಂತೆ ಮಾಡಬೇಕಾದೀತು.

ವಾಟ್ಸಾಪ್ ಗುಂಪು ಸಾಲದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅಲ್ಲಿ ಚಿತ್ರ ಕುಗ್ಗುತ್ತದೆ, ಶುಭಾಶಯಗಳ ರಾಶಿಯಲ್ಲಿ ಹೂತುಹೋಗುತ್ತದೆ, ಜೂನ್ ತಿಂಗಳ ಚಿತ್ರವನ್ನು ಫೆಬ್ರವರಿಯಲ್ಲಿ ಹುಡುಕಿ ತೆಗೆಯುವುದು ಯಾರಿಗೂ ಆಗದ ಕೆಲಸ. ಇನ್ನೊಂದು ಬ್ಲಾಗ್ ಸೇವೆಯಾದ ವರ್ಡ್‌ಪ್ರೆಸ್‌ನ ವಿನ್ಯಾಸಗಳು ಬ್ಲಾಗರ್‌ಗಿಂತ ಸುಂದರವಾಗಿವೆ, ಆದರೆ ಅದರ ಉಚಿತ ಯೋಜನೆಯಲ್ಲಿ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳ ಚಿತ್ರದ ಪಕ್ಕದಲ್ಲಿ ಅವುಗಳನ್ನು ನಾನು ಒಪ್ಪಲಾರೆ. ಬ್ಲಾಗರ್‌ನಲ್ಲಿ ನಾವಾಗಿ ಸೇರಿಸಿದರೆ ಮಾತ್ರ ಜಾಹೀರಾತು ಬರುತ್ತದೆ. ಶೈಕ್ಷಣಿಕ ವರ್ಷ ಮುಗಿದಾಗ ಇಡೀ ಬ್ಲಾಗನ್ನು, ನಮ್ಮ ಮಾಹಿತಿಯ ಪ್ರತಿ ಪಡೆಯಲು ಗೂಗಲ್ ಕೊಡುವ ಟೇಕ್‌ಔಟ್ ಸೌಲಭ್ಯದ ಮೂಲಕ ಇಳಿಸಿಕೊಂಡು ಶಾಲೆಯ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬಹುದು. ಹತ್ತನೆಯ ತರಗತಿ ಮುಗಿಸಿ ಹೋಗುವ ಪ್ರತಿ ವಿದ್ಯಾರ್ಥಿಗೂ ಅವರವರ ಪುಟಗಳ ಪ್ರತಿಯನ್ನು ಕೊಟ್ಟು, ಆ ತಂಡದ ಬ್ಲಾಗನ್ನು ಅಳಿಸಿಬಿಡುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ.