ಕರುವಿನ ಚಳಿ ಜಾಕೆಟ್: ಕೊಳ್ಳಬಹುದು, ಆದರೆ ಬೆಲ್ಟ್ ನೋಡಿ ಕೊಳ್ಳಿ

ಕೊರೆಯುವ ಚಳಿಯಲ್ಲಿ ಈಯುವ ಹಸು ಇದ್ದರೆ ಇಂಥ ಜಾಕೆಟ್ ಒಂದು ಕೊಟ್ಟಿಗೆಯಲ್ಲಿ ಇರಲೇಬೇಕು. ದೊಡ್ಡ ದನಗಳ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಮೈ ಒಣಗಿದ್ದು, ಕೂದಲು ದಟ್ಟವಾಗಿ ಬೆಳೆದು, ಹೊಟ್ಟೆ ತುಂಬಾ ಒಣಹುಲ್ಲು ಸಿಕ್ಕರೆ ಅವು ಸೊನ್ನೆಗಿಂತ ಕೆಳಗಿನ ಚಳಿಯನ್ನೂ ತಡೆಯುತ್ತವೆ, ಯಾಕಂದ್ರೆ ಮೇವು ಅರಗುವಾಗಲೇ ಒಳಗೆ ಶಾಖ ಹುಟ್ಟುತ್ತದೆ. ಎಳೆಗರುವಿಗೆ ಆ ಅನುಕೂಲ ಎಲ್ಲಿಂದ ಬರಬೇಕು? ಮೊದಲ ಮೂರು ವಾರ 10ರಿಂದ 15 ಡಿಗ್ರಿಗಿಂತ ಕೆಳಗೆ ಹೋದರೆ ಸಾಕು, ಕುಡಿದ ಹಾಲಿನ ಶಕ್ತಿ ಮೈ ಬೆಚ್ಚಗಿಡುವುದಕ್ಕೇ ಖರ್ಚಾಗಿ ಬೆಳೆಯಲು ಕಮ್ಮಿ ಬೀಳುತ್ತದೆ.

ನಾವು ಬಳಸುತ್ತಿರುವ ಜಾಕೆಟ್‌ಗೆ ಹೊರಗೆ ನೀರು ಇಳಿಯದ ಗಟ್ಟಿ ಬಟ್ಟೆ, ಒಳಗೆ ರಜಾಯಿ ಥರ ತುಂಬಿದ ಪದರ. ಎದೆಗೆ ಬಕಲ್, ಹೊಟ್ಟೆ ಕೆಳಗೆ ವೆಲ್ಕ್ರೋ ಪಟ್ಟಿ, ಹಿಂಗಾಲಿಗೆ ಎಲಾಸ್ಟಿಕ್ ಕುಣಿಕೆ. ಗೋಣಿಚೀಲ ಕಟ್ಟಿದರೆ ಕರು ಎದ್ದು ಒಂದು ಸಲ ಮೈ ಕೊಡವುವಷ್ಟರಲ್ಲಿ ಜಾರುತ್ತದೆ, ಗಂಜಲ ಹೀರಿ ಇನ್ನಷ್ಟು ತಣ್ಣಗಾಗುತ್ತದೆ. ಇದು ಜಾರುವುದಿಲ್ಲ. ಬೆಳಗಿನ ಜಾವ ಬಟ್ಟೆ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿರುತ್ತದೆ, ಕೈ ಒಳಗೆ ಹಾಕಿದರೆ ಕೂದಲು ಒಣಗಿ ಬೆಚ್ಚಗಿರುತ್ತದೆ. ನನಗೆ ಅಷ್ಟು ಸಾಕು.

ದೂರು ಇರುವುದು ವೆಲ್ಕ್ರೋ ಬಗ್ಗೆ. ಹೊಟ್ಟೆ ಕೆಳಗಿನ ಪಟ್ಟಿ ತಾಗುವುದೇ ಸಗಣಿಗೆ, ಅಲ್ವಾ? ಹಲ್ಲುಗಳ ನಡುವೆ ಸಗಣಿ, ಹುಲ್ಲಿನ ಎಳೆ ಸೇರಿಕೊಂಡು ಒಣಗಿದರೆ ಹಿಡಿತ ಪೂರ್ತಿ ಹೋಗುತ್ತದೆ. ಹಳೇ ಬ್ರಷ್‌ನಲ್ಲಿ ಕೆರೆದು ತೆಗೆಯಬೇಕು, ಬೆರಳು ಮರಗಟ್ಟುವ ಚಳಿಯಲ್ಲಿ ಅದೊಂದು ಜಾಸ್ತಿ ಕೆಲಸ. ಕಾಲಿನ ಕುಣಿಕೆಯನ್ನೂ ಆಗಾಗ ನೋಡುತ್ತಿರಬೇಕು, ಕರು ಬೆಳೆದಂತೆ ಬಿಗಿಯಾಗಿ ತೊಡೆ ಉಜ್ಜುತ್ತದೆ.

ಇನ್ನೊಂದು ಮಾತು, ಜಾಕೆಟ್ ಹಾಕಿಬಿಟ್ಟರೆ ಆಯಿತು ಅಂದುಕೊಳ್ಳಬೇಡಿ. ಒದ್ದೆ ಕರುವಿಗೆ ಸುಮ್ನೆ ತೊಡಿಸಿದರೆ ತೇವ ಒಳಗೇ ಉಳಿದು ಉಪಯೋಗಕ್ಕಿಂತ ಕೆಡುಕೇ ಜಾಸ್ತಿ. ಮೊದಲು ತಾಯಿ ನೆಕ್ಕಲಿ, ಆಮೇಲೆ ಒಣಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ. ಗಿಣ್ಣು ಹಾಲು ಹುಟ್ಟಿದ ಒಂದೆರಡು ಗಂಟೆಯೊಳಗೆ ಹೊಟ್ಟೆಗೆ ಸೇರಲೇಬೇಕು, ಅದಕ್ಕೆ ಬದಲಿ ಯಾವ ಬಟ್ಟೆಯೂ ಇಲ್ಲ. ಕರು ಮಲಗಿದಾಗ ಕಾಲು ಹೂತುಹೋಗುವಷ್ಟು ದಪ್ಪ ಒಣಹುಲ್ಲು ಹಾಸಿ, ಕೆಳಗಿಂದ ಬೀಸುವ ಗಾಳಿ ತಡೆಯಿರಿ. ಹಾಗಂತ ಕೊಟ್ಟಿಗೆಯನ್ನು ಪೂರ್ತಿ ಮುಚ್ಚಿದರೆ ಗಂಜಲದ ಘಾಟು ನಿಂತು ಕರುವಿಗೆ ಕೆಮ್ಮು ಶುರುವಾಗುತ್ತದೆ. ಬಿಸಿಲೇರಿದಾಗ ಕೈ ಒಳಗೆ ಹಾಕಿ ನೋಡಿ, ಕೂದಲು ಬೆವರಿದ್ದರೆ ಜಾಕೆಟ್ ಬಿಚ್ಚಿ.

ಸಾಧ್ಯವಾದರೆ ಎರಡು ಕೊಳ್ಳಿ, ದಪ್ಪ ಪದರ ಒಗೆದರೆ ಚಳಿಯಲ್ಲಿ ಬೇಗ ಒಣಗುವುದಿಲ್ಲ. ಒಂದು ಕರು ತೊಟ್ಟದ್ದನ್ನು ಒಗೆಯದೆ ಇನ್ನೊಂದಕ್ಕೆ ಹಾಕಲೇಬೇಡಿ, ಭೇದಿ ಹರಡುವ ದಾರಿ ಅದು. ತಯಾರಿಸುವವರು ಹೊಟ್ಟೆ ಪಟ್ಟಿಗೂ ವೆಲ್ಕ್ರೋ ಬದಲು ಬಕಲ್ ಹಾಕಿದರೆ ನಾನು ಇನ್ನೊಂದನ್ನು ಕೊಳ್ಳಲು ತಯಾರಿದ್ದೇನೆ.