ಮ್ಯಾಡನ್ ಎನ್‌ಎಫ್‌ಎಲ್ 25: ಹೆಸರು ಕೋಚ್‌ದು, ಮಾರ್ಕ್ಸ್ ಎಲ್ಲ ಹುಡುಗನಿಗೆ

ಬಳ್ಳಾರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ವಿಡಿಯೋ ಗೇಮ್ ಆಡುವವರು ಎಷ್ಟು ಜನ ಇದ್ದಾರೋ, ನಮ್ಮ ಮನೆಯಲ್ಲಂತೂ ಇಬ್ಬರು. ನಾನು, ಚಿಕ್ಕಪ್ಪನ ಮಗ. ಮಧ್ಯಾಹ್ನ ಹೊರಗೆ ಕಾಲಿಡಲು ಆಗದ ಬಿಸಿಲು, ಒಳಗೆ ಕೂಲರ್, ತಟ್ಟೆಯಲ್ಲಿ ಒಗ್ಗರಣೆ ಮಿರ್ಚಿ, ಟಿವಿಯಲ್ಲಿ ಮ್ಯಾಡನ್.

ಗ್ರಾಫಿಕ್ಸ್ ಚೆನ್ನಾಗಿದೆ. ಕಾಮೆಂಟರಿ ಎರಡು ವಾರಕ್ಕೆ ಬೋರ್. ಮೆನು ನೋಡಿದರೆ ಸಂತೆಯಲ್ಲಿ ದಾರಿ ತಪ್ಪಿದ ಹಾಗೆ. ನನ್ನ ತಕರಾರು ರೇಟಿಂಗ್ ಬಗ್ಗೆ.

ಪ್ರತಿ ಆಟಗಾರನಿಗೂ 99ರವರೆಗೆ ಒಂದು ನಂಬರ್. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಹಿಡಿದು, ಮೈಮೇಲೆ ಬೀಳುವವರ ನಡುವೆ ಯಾರಿಗೆ ಎಸೆಯಬೇಕೆಂದು ಕ್ಷಣದಲ್ಲಿ ತೀರ್ಮಾನಿಸುವವನು. ಅವನ ತೋಳಿನ ಬಲ, ಹತ್ತಿರದ ಎಸೆತ, ದೂರದ ಎಸೆತ, ತಿಳುವಳಿಕೆ, ಎಲ್ಲಕ್ಕೂ ಬೇರೆ ಬೇರೆ ಅಂಕ. ನನ್ನ ತಮ್ಮ ಯಾವಾಗಲೂ ಜಾಸ್ತಿ ಅಂಕದವನನ್ನೇ ಹಿಡಿಯುತ್ತಾನೆ, ಎಲ್ಲರನ್ನೂ ಮುಂದಕ್ಕೆ ಓಡಿಸಿ ಉದ್ದಕ್ಕೆ ಎಸೆಯುತ್ತಾನೆ, ಸೋಲುತ್ತಾನೆ. ನಾನು ಕಡಿಮೆ ಅಂಕದವನಿಂದ ಸಣ್ಣ ಸಣ್ಣ ಪಾಸ್ ಮಾಡಿಸಿ ಗೆಲ್ಲುತ್ತೇನೆ. "ಅಣ್ಣಾ, ಇವನಿಗೆ ರೇಟಿಂಗ್ ಕಡಿಮೆ ಹಾಕಿದ್ದಾರೆ" ಅಂತಾನೆ. ಲೇ, ಪ್ಲೇ, ಅಂದರೆ ಯಾರು ಎಲ್ಲಿಗೆ ಓಡಬೇಕು ಅನ್ನೋ ಪ್ಲಾನ್, ಆರಿಸಿದ್ದು ನಾನು ಕಣೋ!

ಅಮೆರಿಕದ ನಿಜವಾದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲೂ ಇದೇ ಜಗಳ. ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ 2016ರ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದರಲ್ಲಿ, ಮೊದಲ ಆಯ್ಕೆ. ಆ ವರ್ಷ ಅವನು ಮೊದಲಿಂದ ಕಣಕ್ಕಿಳಿದ ಏಳೂ ಪಂದ್ಯ ತಂಡ ಸೋತಿತು. ದಂಡ ಅಂದರು. 2017ರಲ್ಲಿ ಶಾನ್ ಮೆಕ್‌ವೇ ಕೋಚ್ ಆಗಿ ಬಂದ, ಎರಡನೇ ಸೀಸನ್‌ಗೆ ತಂಡ ಲೀಗ್‌ನ ಫೈನಲ್ ಸೂಪರ್ ಬೌಲ್ ತಲುಪಿತು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ಒಳಗೆ ಸ್ಪೀಕರ್ ಇರುತ್ತದೆ, ಮುಂದಿನ ಪ್ಲೇ ಶುರುಮಾಡಲು ಸಮಯ ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿಯುವವರೆಗೆ ಕೋಚ್ ಮಾತಾಡಬಹುದು. ಮೆಕ್‌ವೇ ಕಿವಿಯಲ್ಲಿ ಊದಿದ್ದನ್ನು ಇವನು ಒಪ್ಪಿಸುತ್ತಾನೆ ಅಷ್ಟೇ ಅಂತ ಜನ ಆಡಿಕೊಂಡರು. 2021ರಲ್ಲಿ ಡೆಟ್ರಾಯ್ಟ್ ತಂಡಕ್ಕೆ ಸಾಗಹಾಕಿದರು. 2024ರಲ್ಲಿ ಆ ತಂಡ 15 ಗೆದ್ದು 2 ಸೋತಿತು. ಆಗಲೂ ಹೊಗಳಿಕೆಯಲ್ಲಿ ದೊಡ್ಡ ಪಾಲು ಅಲ್ಲಿ ಆಫೆನ್ಸ್, ಅಂದರೆ ದಾಳಿ ಆಟ, ನೋಡಿಕೊಳ್ಳುತ್ತಿದ್ದ ಕೋಚ್ ಬೆನ್ ಜಾನ್ಸನ್‌ಗೆ! ಪಾಪ, ಸೋತರೆ ಇವನದು, ಗೆದ್ದರೆ ಕೋಚ್‌ದು.

ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಲ್ಡ್ ಜೆಟ್ಸ್ ತಂಡದಲ್ಲಿ ಹೆಸರು ಕೆಡಿಸಿಕೊಂಡವನು. ಅದೇ ತೋಳು 2024ರಲ್ಲಿ ಮಿನ್ನೆಸೋಟದಲ್ಲಿ, ಕೋಚ್ ಕೆವಿನ್ ಒಕಾನಲ್ ಕೈಯಲ್ಲಿ 35 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತರುವ) ಪಾಸ್ ಕೊಟ್ಟಿತು.

ನಮ್ಮೂರಿನ ಜೀನ್ಸ್ ಹೊಲಿಯುವ ಕಡೆ ಓಡಾಡಿದವರಿಗೆ ಇದೇನು ಹೊಸದಲ್ಲ. ಕಟಿಂಗ್ ಮಾಸ್ಟರ್ ಸರಿಯಾಗಿ ಕತ್ತರಿಸಿ ಕೊಟ್ಟರೆ ಹೊಸ ಟೈಲರ್ ಹೊಲಿದ ಪ್ಯಾಂಟೂ ನೆಟ್ಟಗೆ ಕೂರುತ್ತದೆ. ಕತ್ತರಿ ತಪ್ಪಿದರೆ ಇಪ್ಪತ್ತು ವರ್ಷದ ಟೈಲರ್ ಬೈಸಿಕೊಳ್ಳುತ್ತಾನೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅವನ ಹೊಲಿಗೆ ತಾನೇ. ಹಾಗಂತ ಒಂದೇ ಕಟಿಂಗನ್ನು ಹತ್ತು ಟೈಲರ್‌ಗಳಿಗೆ ಕೊಟ್ಟರೆ ಹತ್ತೂ ಒಂದೇ ಥರ ಬರುವುದಿಲ್ಲ, ಅದೂ ನಿಜ. ಗಾಫ್ ಎರಡು ಕಡೆ ಗೆದ್ದಿದ್ದಾನೆ ಅಲ್ವಾ, ಅದಕ್ಕೂ ಲೆಕ್ಕ ಬೇಕು.

ತಮಾಷೆ ಏನೆಂದರೆ ಈ ಗೇಮ್‌ಗೆ ಯಾರ ಹೆಸರಿಟ್ಟಿದ್ದಾರೋ ಆ ಜಾನ್ ಮ್ಯಾಡನ್ ಹೆಸರು ಮಾಡಿದ್ದೇ ಕೋಚ್ ಆಗಿ. 1977ರ ಜನವರಿಯಲ್ಲಿ ರೇಡರ್ಸ್ ತಂಡಕ್ಕೆ ಸೂಪರ್ ಬೌಲ್ ಗೆಲ್ಲಿಸಿದವನು. ಗೇಮ್‌ನಲ್ಲಿ ಒಂದು ತಂಡವನ್ನು ಸೀಸನ್‌ಗಟ್ಟಲೆ ನಡೆಸುವ ಫ್ರಾಂಚೈಸ್ ಮೋಡ್‌ನಲ್ಲಿ ಕೋಚ್, ಅವನ ಪದ್ಧತಿ, ಅದಕ್ಕೆ ಯಾರು ಹೊಂದುತ್ತಾರೆ ಅನ್ನುವುದೆಲ್ಲ ಇದೆ. ನನಗೆ ಹಿಡಿಸಿದ್ದೂ ಅದೇ. ಸುಮ್ನೆ ಒಂದು ಮ್ಯಾಚ್ ಆಡಲು ಕೂತರೆ ಮಾತ್ರ ಮತ್ತೆ ಆ ನಂಬರ್‌ಗಳೇ.

ಪೂರ್ತಿ ಬೆಲೆ ಕೊಡಬೇಡಿ, ಡಿಸ್ಕೌಂಟ್‌ಗೆ ಕಾಯಿರಿ. ನಿಯಮ ಗೊತ್ತಿಲ್ಲದಿದ್ದರೆ ಮೊದಲ ವಾರ ಪ್ರಾಕ್ಟೀಸ್ ಮೋಡ್‌ನಲ್ಲೇ ಕಳೆಯಿರಿ, ಅದೂ ಕಡಿಮೆ ರೇಟಿಂಗ್‌ನ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು. 5ಕ್ಕೆ ಮೂರೂವರೆ.